‘ಹಳ್ಳಿ’ಯನ್ನು ‘ಹಳಿ’ ಮಾಡುವ ಜಾಲತಾಣಗಳು

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಯ ಪುಟ ಕಟ್ಟುವವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯಿಂದಲೇ ಶುರು ಮಾಡುತ್ತೇವೆ. ಮೂರು ಕಾಲಂ ಅಗಲಕ್ಕೆ ಹಾಕಿದ್ದ ಸುದ್ದಿ, ಕೊನೆ ಗಳಿಗೆಯಲ್ಲಿ ಜಾಹೀರಾತು ಬಂತೆಂದರೆ ಒಂದು ಕಾಲಮ್ಮಿಗೆ ಇಳಿಯುತ್ತದೆ. ಆಗ ಅಕ್ಷರವನ್ನು ಮೂರನೇ ಒಂದು ಪಾಲಿಗೆ ಕುಗ್ಗಿಸಿ ಅಷ್ಟನ್ನೂ ಅಲ್ಲೇ ತುರುಕುವ ಉಪಸಂಪಾದಕರು ಯಾರೂ ಇಲ್ಲ. ಸಾಲುಗಳು ಮುರಿದು ಕೆಳಕ್ಕೆ ಹರಿಯುತ್ತವೆ, ಚಿತ್ರ ಕಿರಿದಾಗುತ್ತದೆ, ಎರಡು ಸಾಲಿನ ಶೀರ್ಷಿಕೆ ನಾಲ್ಕು ಸಾಲಾಗುತ್ತದೆ. ಓದುವ ಅಕ್ಷರ ಮಾತ್ರ ಇದ್ದಷ್ಟೇ ಇರುತ್ತದೆ. ಜಾಲತಾಣವೊಂದು ಮೊಬೈಲ್ ಪರದೆಯಲ್ಲಿ ಮಾಡಬೇಕಾದ ಕೆಲಸವೂ ಇಷ್ಟೇ. ಇಲಾಖೆ, ವಿಶ್ವವಿದ್ಯಾಲಯ, ಸಹಕಾರ ಸಂಘ ಎನ್ನದೆ ನಮ್ಮಲ್ಲಿ ಎಷ್ಟೋ ತಾಣಗಳು ಇದನ್ನು ಇನ್ನೂ ಮಾಡುತ್ತಿಲ್ಲ. ಮಾಡುವವುಗಳಲ್ಲಿಯೂ ಇಂಗ್ಲಿಷ್ ಪುಟ ಸಲೀಸಾಗಿ ಹೊಂದಿಕೊಳ್ಳುತ್ತದೆ, ‘ಕನ್ನಡ’ ಎಂಬ ಬಟನ್ ಒತ್ತಿದ ಕೂಡಲೇ ಪುಟ ಕೆಡುತ್ತದೆ. ಮೊದಲನೆಯ ತಪ್ಪಿನ ಬಗ್ಗೆ ಬೇಕಾದಷ್ಟು ಮಾತು ಆಗಿದೆ. ಎರಡನೆಯದರ ಬಗ್ಗೆ ಯಾರೂ ಬರೆದಂತಿಲ್ಲವಾದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು, ಮೊಬೈಲಿನಲ್ಲಿ ಹಳೆಯ ತಾಣದ ಅಕ್ಷರ ಇರುವೆ ಸಾಲಿನಂತೆ ಕಾಣುವುದು ಯಾಕೆ? 2007ರಲ್ಲಿ ಐಫೋನ್ ಬಂದಾಗ ಜಗತ್ತಿನ ಜಾಲತಾಣಗಳೆಲ್ಲ ಕಂಪ್ಯೂಟರ್ ಪರದೆಗೆಂದೇ ಮಾಡಿದವು. ಹಾಗಾಗಿ ಅದರ ಬ್ರೌಸರ್ ಒಂದು ಉಪಾಯ ಮಾಡಿತು: ತನ್ನ ಪರದೆ 980 ಪಿಕ್ಸೆಲ್ ಅಗಲವಿದೆ ಎಂದು ಪುಟಕ್ಕೆ ಸುಳ್ಳು ಹೇಳುವುದು, ಪುಟ ಆ ಅಗಲಕ್ಕೆ ಹರಡಿಕೊಂಡ ಮೇಲೆ ಅದನ್ನು ಇಡಿಯಾಗಿ ಕುಗ್ಗಿಸಿ ತೋರಿಸುವುದು. ಬಳಿಕ ಬಂದ ಮೊಬೈಲ್ ಬ್ರೌಸರ್‌ಗಳೂ ಇದೇ ದಾರಿ ಹಿಡಿದವು. ಇವತ್ತಿನ ಸಾಧಾರಣ ಆಂಡ್ರಾಯ್ಡ್ ಫೋನಿನ ಪರದೆ ವಿನ್ಯಾಸದ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲ. (ಡಬ್ಬದ ಮೇಲೆ 1080 ಎಂದಿರುತ್ತದೆ, ಅಲ್ಲಿ ಮೂರು ಚುಕ್ಕಿ ಸೇರಿ ವಿನ್ಯಾಸದ ಒಂದು ಪಿಕ್ಸೆಲ್.) 980 ಅಗಲದ್ದನ್ನು 360ಕ್ಕೆ ಕುಗ್ಗಿಸಿದರೆ 16 ಪಿಕ್ಸೆಲ್ ಅಕ್ಷರ 6 ಪಿಕ್ಸೆಲ್ಲಿಗೆ ಬರುತ್ತದೆ. ಇಂಗ್ಲಿಷನ್ನಾದರೂ ಕಣ್ಣು ಕಿರಿದು ಮಾಡಿ ಊಹಿಸಬಹುದು. ಕನ್ನಡದಲ್ಲಿ ‘ದ’ದ ಹೊಟ್ಟೆ ಸೀಳಿ ‘ಧ’ ಮಾಡುವ ಆ ಒಂದು ಗೀಟು, ‘ಥ’ದೊಳಗಿನ ಚುಕ್ಕೆ, ಅಕ್ಷರದ ಅರ್ಧ ಗಾತ್ರದ ಒತ್ತು — 6 ಪಿಕ್ಸೆಲ್ಲಿನಲ್ಲಿ ಇವು ಯಾವುದಕ್ಕೂ ಜಾಗವಿಲ್ಲ.

ಈ ಸುಳ್ಳನ್ನು ನಿಲ್ಲಿಸಲು ಪುಟದ ಕೋಡಿನ ತಲೆಭಾಗದಲ್ಲಿ ಒಂದೇ ಸಾಲು ಸಾಕು: ‘ವ್ಯೂಪೋರ್ಟ್’ ಎಂಬ ಮೆಟಾ ಟ್ಯಾಗಿನಲ್ಲಿ (ಓದುಗರಿಗೆ ಕಾಣದ, ಬ್ರೌಸರಿಗೆ ಕೊಡುವ ಸೂಚನೆಯಲ್ಲಿ) ಅಗಲ ಎಂದರೆ ಸಾಧನದ ಅಗಲ, ಆರಂಭದ ಹಿಗ್ಗು ಒಂದು ಎಂದು ಹೇಳುವುದು. ಆದರೆ ಹಳೆಯ ತಾಣಕ್ಕೆ ಆ ಸಾಲೊಂದನ್ನೇ ಸೇರಿಸಿ ಕೈತೊಳೆದುಕೊಂಡರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಒಳಗೆ 1000 ಪಿಕ್ಸೆಲ್ ಎಂದು ಬಿಗಿದ ಟೇಬಲ್ಲು, ಚೌಕಟ್ಟುಗಳು ಹಾಗೇ ಉಳಿದಿರುವುದರಿಂದ ಮೂರನೇ ಒಂದು ಪಾಲು ಮಾತ್ರ ಕಾಣುತ್ತದೆ, ಮಿಕ್ಕದ್ದಕ್ಕೆ ಪ್ರತಿ ಸಾಲಿಗೂ ಎಡಬಲ ಎಳೆದಾಡಬೇಕು. “ಟ್ಯಾಗ್ ಹಾಕಿದೆವು, ಸರಿಹೋಗಲಿಲ್ಲ, ತೆಗೆದೆವು” ಎನ್ನುವವರು ಎಡವಿದ್ದು ಇಲ್ಲೇ. ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ: ಅದೇ ಟ್ಯಾಗಿನಲ್ಲಿ ಬೆರಳಿನಿಂದ ಹಿಗ್ಗಿಸುವುದನ್ನು ನಿಷೇಧಿಸುವುದು. ಚಾಳೀಸು ಬಂದವರಿಗೆ ಉಳಿದಿರುವ ಒಂದೇ ದಾರಿಯನ್ನೂ ಇದು ಮುಚ್ಚುತ್ತದೆ. ಐಫೋನಿನ ಸಫಾರಿ 2016ರಿಂದ ಈ ನಿಷೇಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೂ ನಕಲು ಹೊಡೆದ ಟೆಂಪ್ಲೇಟುಗಳಲ್ಲಿ (ತಾಣದ ಸಿದ್ಧ ಅಚ್ಚುಗಳಲ್ಲಿ) ಆ ಸಾಲು ಜೀವಂತವಾಗಿದೆ.

ತಮಾಷೆಯೆಂದರೆ, ಜಾಲಪುಟ ಹುಟ್ಟಿದ್ದೇ ಹೊಂದಿಕೊಳ್ಳುವ ಗುಣದೊಂದಿಗೆ. 1990ರ ದಶಕದ ಆರಂಭದಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಪುಟವನ್ನು ಈಗಲೂ ಯಾವ ಫೋನಿನಲ್ಲಿ ತೆರೆದರೂ ಸಾಲುಗಳು ತಾವಾಗಿ ಮುರಿದು ಪರದೆಗೆ ಕೂರುತ್ತವೆ. ಕೆಡಿಸಿದ್ದು ನಾವು, ವಿನ್ಯಾಸಕರು. ಮುದ್ರಣದ ಅಭ್ಯಾಸ ಬಲದಿಂದ 800, 960, 1000 ಎಂದು ಅಗಲ ಬಿಗಿದು, ಅಡಿಯಲ್ಲಿ “1024 × 768ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಿಂದ ನೋಡಿದರೆ ಚೆನ್ನ” ಎಂದು ಬರೆದೆವು. ಆ ಬ್ರೌಸರ್‌ಗೆ ಮೈಕ್ರೋಸಾಫ್ಟೇ 2022ರ ಜೂನ್‌ನಲ್ಲಿ ವಿದಾಯ ಹೇಳಿದೆ. ಬರಹ ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ.

2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕ ಒಂದು ಲೇಖನ ಬರೆದು ಇದಕ್ಕೆ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರಿಟ್ಟರು. ಅಂಶ ಮೂರೇ. ಪುಟದ ಅಂಕಣಗಳ ಅಗಲವನ್ನು ಪಿಕ್ಸೆಲ್ಲಿನಲ್ಲಿ ಬಿಗಿಯದೆ ಶೇಕಡಾವಾರು ಇಡುವುದು; ಚಿತ್ರ ತನ್ನ ಚೌಕಟ್ಟನ್ನು ಮೀರದಂತೆ ಕಟ್ಟುವುದು; ಪರದೆ ಇಷ್ಟು ಅಗಲವಿದ್ದರೆ ಹೀಗೆ, ಅದಕ್ಕಿಂತ ಹೆಚ್ಚಿದ್ದರೆ ಹಾಗೆ ಎಂದು, ಪುಟದ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಮೀಡಿಯಾ ಕ್ವೆರಿ’ ಬರೆಯುವುದು. ಅಲ್ಲಿಂದೀಚೆಗೆ ಸಲಕರಣೆ ಬಹಳ ಸುಧಾರಿಸಿದೆ. 2017ರಲ್ಲಿ, ಪುಟವನ್ನು ಅಡ್ಡ ಉದ್ದ ಮನೆಗಳಾಗಿ ಹಂಚುವ ‘ಗ್ರಿಡ್’ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂತು. ಪರದೆಯ ಅಗಲಕ್ಕೆ ಬದಲು ತಾನು ಕೂತ ಪೆಟ್ಟಿಗೆಯ ಅಗಲಕ್ಕೇ ಹೊಂದಿಕೊಳ್ಳುವ ‘ಕಂಟೇನರ್ ಕ್ವೆರಿ’ 2023ರ ಹೊತ್ತಿಗೆ ಮೂರೂ ದೊಡ್ಡ ಬ್ರೌಸರ್‌ಗಳಲ್ಲಿ ಸಿಕ್ಕಿತು. ತಂತ್ರಜ್ಞಾನ ಇಲ್ಲ ಎಂಬ ನೆಪಕ್ಕೆ ಈಗ ಎಡೆಯಿಲ್ಲ.

“ನಮ್ಮದು ಆಪ್ ಇದೆಯಲ್ಲ” ಎಂಬುದು ಇನ್ನೊಂದು ಉತ್ತರ. ವರ್ಷಕ್ಕೊಮ್ಮೆ ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ಹಾಕುವವರು ಅದಕ್ಕೆಂದು ಆಪ್ ಇಳಿಸಿಕೊಂಡು, ಅದು ಕೇಳಿದಾಗಲೆಲ್ಲ ಅಪ್‌ಡೇಟ್ ಮಾಡಿಕೊಂಡು, ತುಂಬಿ ತುಳುಕುವ ಫೋನಿನಲ್ಲಿ ಜಾಗ ಕೊಡಬೇಕೆ? ವಾಟ್ಸ್‌ಆಪ್ ಗುಂಪಿನಲ್ಲಿ ಹಂಚುವುದು ತಾಣದ ಕೊಂಡಿಯನ್ನು. ಗೂಗಲ್ ತೋರಿಸುವುದೂ ಅದನ್ನೇ. ಮೊಬೈಲಿಗೆಂದೇ ಪ್ರತ್ಯೇಕ ‘ಎಂ-ಡಾಟ್’ ತಾಣ ಮಾಡಿದವರ ಪಾಡನ್ನೂ ನೋಡಿದ್ದಾಗಿದೆ: ಆರು ತಿಂಗಳಲ್ಲಿ ಎರಡರ ಮಾಹಿತಿ ಬೇರೆಬೇರೆಯಾಗುತ್ತದೆ, ಒಳಪುಟದ ಕೊಂಡಿ ಒತ್ತಿದರೆ ಮೊಬೈಲ್ ತಾಣದ ಮುಖಪುಟಕ್ಕೆ ತಂದು ಬಿಡುತ್ತದೆ. ಸಾಲದ್ದಕ್ಕೆ ಗೂಗಲ್ 2018ರಿಂದ ಹಂತಹಂತವಾಗಿ ತಾಣದ ಮೊಬೈಲ್ ರೂಪವನ್ನೇ ಮೊದಲು ಓದಿ ತನ್ನ ಪಟ್ಟಿಗೆ ಸೇರಿಸುತ್ತಿದೆ. ಮೊಬೈಲಿನಲ್ಲಿ ಕಾಣಿಸದ ವಿಷಯ ಹುಡುಕಾಟದಲ್ಲೂ ಹಿಂದೆ ಬೀಳುತ್ತದೆ.

ಇನ್ನು ಕನ್ನಡದ ಪ್ರಶ್ನೆ. ಟೆಂಪ್ಲೇಟುಗಳನ್ನೆಲ್ಲ ಇಂಗ್ಲಿಷ್ ಪದ ಹಾಕಿ ಅಳೆದು ಹೊಲಿದಿರುತ್ತಾರೆ. ಮೆನುವಿನಲ್ಲಿ ಆರ್‌ಟಿಐ ಎಂಬ ಮೂರು ಇಂಗ್ಲಿಷ್ ಅಕ್ಷರ ಕೂತಿದ್ದ ಜಾಗಕ್ಕೆ ‘ಮಾಹಿತಿ ಹಕ್ಕು ಅಧಿನಿಯಮ’ ಬರಬೇಕು. ಎಫ್‌ಎಕ್ಯೂ ಇದ್ದಲ್ಲಿ ‘ಪದೇ ಪದೇ ಕೇಳುವ ಪ್ರಶ್ನೆಗಳು’. ಮೆನು ಎರಡು ಸಾಲಾಗುತ್ತದೆ, ಎರಡನೇ ಸಾಲು ಕೆಳಗಿನ ಫೋಟೋದ ಮೇಲೆ ಹತ್ತಿ ಕೂರುತ್ತದೆ. ಅಗಲದ ಪರದೆಯಲ್ಲಿ ಇದು ಬರೀ ಅಂದಗೇಡು, 360ರ ಪರದೆಯಲ್ಲಿ ಬಟನ್ನುಗಳು ಒಂದರ ಮೇಲೊಂದು ಬಿದ್ದು ಒತ್ತಲಿಕ್ಕೇ ಆಗುವುದಿಲ್ಲ.

ಅಗಲಕ್ಕಿಂತ ಎತ್ತರದ ಸಮಸ್ಯೆ ದೊಡ್ಡದು. ಇಂಗ್ಲಿಷ್ ಶೀರ್ಷಿಕೆಗೆ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಇಟ್ಟರೆ ನಡೆಯುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು; ‘ರಾಷ್ಟ್ರ’, ‘ಸ್ವಾತಂತ್ರ್ಯ’ಗಳಲ್ಲಿ ಎರಡೆರಡು ಒತ್ತು. 1.2ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್ನಿಗೋ ಪಟ್ಟಿಯ ಸಾಲಿಗೋ 32 ಪಿಕ್ಸೆಲ್ ಎತ್ತರ ಎಂದು ಬಿಗಿದು, ಮೀರಿದ್ದನ್ನು ಅಡಗಿಸು ಎಂದು ಬರೆದಿದ್ದರಂತೂ ಒತ್ತು ಕತ್ತರಿಸಿಯೇ ಹೋಗುತ್ತದೆ. ಆಗ ‘ಹಳ್ಳಿ’ ಎಂಬುದು ‘ಹಳಿ’ ಎಂದು ಕಾಣುತ್ತದೆ, ‘ಇಲ್ಲ’ ಎಂಬುದು ‘ಇಲ’. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಾಲ್ಕು ಪಟ್ಟಿಯಲ್ಲಿ ಆರಿಸಬೇಕಾದ ಅರ್ಜಿಯಲ್ಲಿ ಊರಿನ ಹೆಸರು ಹೀಗೆ ಒತ್ತು ಕಳೆದುಕೊಂಡು ನಿಂತರೆ, ಹತ್ತಿರ ಹತ್ತಿರದ ಹೆಸರಿನ ಎರಡು ಗ್ರಾಮಗಳಲ್ಲಿ ಯಾವುದು ನಮ್ಮದು ಎಂದು ತಿಳಿಯುವುದು ಹೇಗೆ? ಪರಿಹಾರಕ್ಕೆ ಹೊಸ ತಾಣ ಬೇಕಿಲ್ಲ. ‘ಎತ್ತರ’ ಎಂದಿರುವ ಕಡೆಯೆಲ್ಲ ‘ಕನಿಷ್ಠ ಎತ್ತರ’ ಎಂದು ಬದಲಿಸಿ, ಮೇಲೆ ಕೆಳಗೆ ಒಳಅಂಚು ಕೊಡುವುದು; ಕನ್ನಡ ಪುಟಕ್ಕೆ ಶೀರ್ಷಿಕೆಯ ಸಾಲೆತ್ತರ 1.4ರಿಂದ 1.5, ಓದುವ ಪಠ್ಯಕ್ಕೆ 1.6ರಿಂದ 1.8 ಇಡುವುದು, ಪಠ್ಯ ಎಲ್ಲೂ 16 ಪಿಕ್ಸೆಲ್ಲಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು. ಶೀರ್ಷಿಕೆ ಠೀವಿಯಾಗಿ ಕಾಣಲೆಂದು ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಅಕ್ಷರಗಳ ನಡುವೆ ಅಂತರ ಕೊಟ್ಟಿರುತ್ತಾರೆ. ಕನ್ನಡದಲ್ಲಿ ಅದು ಪದವನ್ನು ಬಿಡಿಬಿಡಿ ಮಾಡಿ ಸಾಲಿನ ಅಗಲವನ್ನೂ ತಿನ್ನುತ್ತದೆ. ಅದನ್ನು ಸೊನ್ನೆ ಮಾಡಬೇಕು.

ನಮ್ಮ ಪದಗಳು ವಿಭಕ್ತಿ, ಸಮಾಸ ಸೇರಿ ಬೆಳೆಯುತ್ತವೆ. ‘ಮರುಮೌಲ್ಯಮಾಪನಕ್ಕಾಗಿ’ ಎಂಬ ಒಂದೇ ಪದವನ್ನು 32 ಪಿಕ್ಸೆಲ್ ದಪ್ಪಕ್ಷರದ ಶೀರ್ಷಿಕೆಯಲ್ಲಿ ಹಾಕಿ ನೋಡಿ, ಸಣ್ಣ ಫೋನಿನ ಅಗಲವನ್ನು ಅದು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಕೊಂಚ ಮೀರಿದರೂ ಇಡೀ ಪುಟ ಎಡಬಲ ಅಲುಗಾಡತೊಡಗುತ್ತದೆ. ಇದಕ್ಕೆ ಎರಡು ಮದ್ದಿವೆ, ಒಂದು ಸರಿ, ಒಂದು ತಪ್ಪು. ‘ವರ್ಡ್-ಬ್ರೇಕ್’ಗೆ ‘ಬ್ರೇಕ್-ಆಲ್’ ಎಂದರೆ ಹಿಡಿಸುವ ಪದವನ್ನೂ ಸಾಲಿನ ಕೊನೆಯಲ್ಲಿ ಕಂಡಕಂಡಲ್ಲಿ ತುಂಡರಿಸುತ್ತದೆ. ‘ಸರಕಾರ’ ಒಂದು ಸಾಲಿನಲ್ಲಿ ‘ಸರ’, ಮುಂದಿನ ಸಾಲಿನಲ್ಲಿ ‘ಕಾರ’. ‘ಓವರ್‌ಫ್ಲೋ-ರ‍್ಯಾಪ್’ಗೆ ‘ಎನಿವೇರ್’ ಎಂದರೆ ಪದ ನಿಜಕ್ಕೂ ಹಿಡಿಸದಿದ್ದಾಗ ಮಾತ್ರ ಮುರಿಯುತ್ತದೆ. ಎರಡನೆಯದನ್ನು ಹಾಕಿ, ಮೇಲಿಂದ ಶೀರ್ಷಿಕೆಯ ಗಾತ್ರವನ್ನು ‘ಕ್ಲ್ಯಾಂಪ್’ ಸೂತ್ರದಲ್ಲಿ ಇಟ್ಟರೆ ಸಾಕು: ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ನಡುವೆ ಪರದೆಯ ಅಗಲಕ್ಕೆ ತಕ್ಕಂತೆ. ಬರೀ ಪರದೆಯ ಅಗಲವನ್ನೇ ಮಾನವಾಗಿ ಹಿಡಿದರೆ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಓದುವವರಿಗೆ ಅಕ್ಷರ ಹಿಗ್ಗುವುದೇ ಇಲ್ಲ, ಆದ್ದರಿಂದ ಅದರ ಜೊತೆ, ಪುಟದ ಮೂಲ ಅಕ್ಷರಗಾತ್ರವನ್ನು ಆಧರಿಸಿದ ‘ರೆಮ್’ ಮಾನವನ್ನೂ ಕೂಡಿಸಬೇಕು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಮೊಟಕು. ಜಾಗ ಸಾಲದಾಗ ಪ್ರಕಟಣೆಯ ಶೀರ್ಷಿಕೆಯನ್ನು ಒಂದೇ ಸಾಲಿಗೆ ಕತ್ತರಿಸಿ ಮೂರು ಚುಕ್ಕಿ ಇಡುವುದು ಟೆಂಪ್ಲೇಟುಗಳ ವಾಡಿಕೆ. ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬುದು ವಾಕ್ಯದ ಮೊದಲಲ್ಲೇ ಬಂದುಬಿಡುವುದರಿಂದ ಬಾಲ ಕತ್ತರಿಸಿದರೂ ತಿರುಳು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ, ನಿಷೇಧ ಎರಡೂ ಕೊನೆಗೆ. “ಶುಲ್ಕ ಪಾವತಿಯ ಕೊನೆಯ ದಿನಾಂಕ ವಿಸ್ತರಣೆ ಇಲ್ಲ” ಎಂಬ ಪ್ರಕಟಣೆಯಲ್ಲಿ ‘ಇಲ್ಲ’ ಹೊರಗುಳಿದರೆ ವಿದ್ಯಾರ್ಥಿ ಓದುವುದು “ಕೊನೆಯ ದಿನಾಂಕ ವಿಸ್ತರಣೆ” ಎಂದು. ನೆಮ್ಮದಿಯಾಗಿ ಮನೆಯಲ್ಲಿ ಕೂರುತ್ತಾನೆ. ಕನ್ನಡ ಪುಟದಲ್ಲಿ ಪ್ರಕಟಣೆಯ ಶೀರ್ಷಿಕೆಯನ್ನು ಎಷ್ಟೇ ಸಾಲಾದರೂ ಪೂರ್ತಿ ಬಿಡಬೇಕು. ಇದರಲ್ಲಿ ರಾಜಿ ಸಲ್ಲದು.

ಫಾಂಟಿನ ವಿಷಯ ಚುಟುಕಾಗಿ. ಈಗಿನ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲದರಲ್ಲೂ ಯೂನಿಕೋಡ್ ಕನ್ನಡ ಫಾಂಟ್ ಮೊದಲೇ ಇದೆ. ಓದುವ ಪಠ್ಯಕ್ಕೆ ಬೇರೆ ಫಾಂಟ್ ಇಳಿಸುವ ಅಗತ್ಯವೇ ಇಲ್ಲ. ಶೀರ್ಷಿಕೆಗೆ ಚೆಂದದ್ದು ಬೇಕೆಂದರೆ ಒಂದೇ ದಪ್ಪದ ಕಡತವನ್ನು ‘ವೋಫ್2’ ಎಂಬ ಅಡಕ ಮಾಡಿದ ರೂಪದಲ್ಲಿ ಇಟ್ಟು, ಅದು ಬರುವವರೆಗೆ ಫೋನಿನ ಫಾಂಟನ್ನೇ ತೋರಿಸು ಎಂದು ಹೇಳಬೇಕು. ಪುಟದ ಭಾಷೆ ಕನ್ನಡ ಎಂದು ‘ಲ್ಯಾಂಗ್’ ಗುಣದಲ್ಲಿ ನಮೂದಿಸಿದರೆ, ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಅದನ್ನು ಇಂಗ್ಲಿಷ್ ದನಿಯಲ್ಲಿ ತೊದಲುವುದೂ ತಪ್ಪುತ್ತದೆ. ಇನ್ನು, ಇಂಗ್ಲಿಷ್ ಅಕ್ಷರದ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆ: ಅದನ್ನು ಹಾಗೇ ತಾಣಕ್ಕೆ ಅಂಟಿಸಿದರೆ ಅಡ್ಡಾದಿಡ್ಡಿ ಅಕ್ಷರ ಕಾಣುತ್ತದೆಂದು ಚಿತ್ರ ಮಾಡಿ ಹಾಕುತ್ತಾರೆ. ಚಿತ್ರ ಸಾಲು ಮುರಿಯುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಕುರುಡರಿಗೆ ಕೇಳಿಸುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಲು ಐದು ನಿಮಿಷದ ಕೆಲಸ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಲು ಇನ್ನೊಂದಿಷ್ಟು ಹೊತ್ತು.

ಪಿಡಿಎಫ್‌ಗೂ ಇದೇ ಗತಿ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಕೈಯಲ್ಲಿರುವ ಫೋನಿನ ಪರದೆ ಸುಮಾರು 68. ಹನ್ನೆರಡು ಪಾಯಿಂಟಿನ ಅಕ್ಷರ ನಾಲ್ಕು ಪಾಯಿಂಟಿಗೆ ಇಳಿಯುತ್ತದೆ. ಸಹಿ, ಮೊಹರು ಇರುವ ಅಧಿಕೃತ ಪ್ರತಿ ಪಿಡಿಎಫ್ ಆಗಿಯೇ ಇರಲಿ, ತಕರಾರಿಲ್ಲ. ಅದರ ಪಠ್ಯವನ್ನೂ ಪುಟದಲ್ಲಿ ಹಾಕಿ. (ಪತ್ರಿಕೆಗಳ ಇ-ಪೇಪರ್‌ಗೂ ಈ ಮಾತು ಅನ್ವಯಿಸುತ್ತದೆ. ಇದನ್ನು ಕತ್ತರಿಸದೆ ಪ್ರಕಟಿಸುತ್ತೀರೆಂದು ನಂಬಿದ್ದೇವೆ.)

ಟೇಬಲ್ಲುಗಳು ಬೇರೆಯೇ ತಲೆನೋವು. ಪಹಣಿ, ಫಲಿತಾಂಶ, ಆಯ್ಕೆಪಟ್ಟಿ, ದರಪಟ್ಟಿ — ನಮ್ಮ ಆಡಳಿತ ನಡೆಯುವುದೇ ಕೋಷ್ಟಕದಲ್ಲಿ. ಹನ್ನೆರಡು ಕಾಲಮ್ಮಿನ ಟೇಬಲ್ಲನ್ನು 360ರಲ್ಲಿ ಹಿಡಿಸಲು ಹೋದರೆ ಒಂದು ಕಾಲಮ್ಮಿಗೆ 30 ಪಿಕ್ಸೆಲ್ ಸಿಗುತ್ತದೆ. ಹೆಸರು ಒಂದೊಂದು ಅಕ್ಷರವಾಗಿ ಬಾವಿಗೆ ಬಿಟ್ಟ ಹಗ್ಗದ ಹಾಗೆ ಕೆಳಗಿಳಿಯುತ್ತದೆ. ದಾರಿ ಯಾವುದು ಎಂಬುದನ್ನು ಜನ ಆ ಟೇಬಲ್ಲಿನಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ತೀರ್ಮಾನಿಸಬೇಕು. ಸಾಲುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವಂಥದ್ದಾದರೆ ಟೇಬಲ್ಲು ಟೇಬಲ್ಲಾಗಿಯೇ ಇರಲಿ: ಅದನ್ನು ತನ್ನದೇ ಪೆಟ್ಟಿಗೆಯೊಳಗೆ ಇಟ್ಟು, ಪುಟ ಅಲುಗದೆ ಪೆಟ್ಟಿಗೆ ಮಾತ್ರ ಅಡ್ಡ ಸರಿಯುವಂತೆ ಮಾಡಿ, ಮೊದಲ ಕಾಲಮ್ಮನ್ನು ‘ಸ್ಟಿಕ್ಕಿ’ ಮಾಡಿ. ಸರ್ವೆ ನಂಬರ್ ಎಡದಲ್ಲಿ ನಿಂತೇ ಇರುತ್ತದೆ, ಹಿಸ್ಸಾ, ಎಕರೆ, ಗುಂಟೆ ಅದರ ಪಕ್ಕಕ್ಕೆ ಸರಿದು ಬರುತ್ತವೆ. ಯಾರ ಗುಂಟೆ ಯಾರದ್ದೆಂಬ ಗೊಂದಲವಿಲ್ಲ. ಬಲ ಅಂಚಿನಲ್ಲಿ ಕೊನೆಯ ಕಾಲಮ್ಮು ಅರ್ಧ ಕಾಣುವಂತಿದ್ದರೆ ಆಚೆ ಇನ್ನೂ ಇದೆ ಎಂದು ಜನಕ್ಕೆ ಹೊಳೆಯುತ್ತದೆ. ನೀಟಾಗಿ ಕತ್ತರಿಸಿದಂತೆ ನಿಂತರೆ ಅಲ್ಲಿಗೇ ಮುಗಿಯಿತೆಂದು ಹೊರಟುಬಿಡುತ್ತಾರೆ. ಒಬ್ಬರು ತಮ್ಮದೊಂದೇ ಸಾಲನ್ನು ನೋಡಿಕೊಳ್ಳುವ ಫಲಿತಾಂಶದಂಥದ್ದಾದರೆ ಪ್ರತಿ ಸಾಲನ್ನೂ ಒಂದು ಚೀಟಿಯಂತೆ ಕೆಳಕ್ಕೆ ಬಿಡಿಸುವುದು ಲೇಸು. ಆಗ ಪ್ರತಿ ಅಂಕದ ಎದುರೂ ವಿಷಯದ ಹೆಸರು ಮತ್ತೆ ಬರಬೇಕು. ಅದನ್ನು ಮರೆತು 78, 64, 91 ಎಂಬ ಬರೀ ಅಂಕಿಗಳ ಗೋಪುರ ನಿಲ್ಲಿಸಿದ ಪುಟಗಳೂ ಇವೆ.

ಅರ್ಜಿ ನಮೂನೆಗೆ ಬಂದರೆ, ಪರದೆಯ ಅರ್ಧವನ್ನು ಕೀಲಿಮಣೆ ನುಂಗುತ್ತದೆ ಎಂಬುದನ್ನು ಕಂಪ್ಯೂಟರ್ ಮುಂದೆ ಕೂತು ವಿನ್ಯಾಸ ಮಾಡುವವರು ಮರೆಯುತ್ತಾರೆ. ಮೇಲೆ ಅಂಟಿಕೊಂಡ ಲಾಂಛನದ ಪಟ್ಟಿ, ಕೆಳಗೆ ಅಂಟಿಕೊಂಡ ಸಹಾಯವಾಣಿಯ ಪಟ್ಟಿ, ಮಧ್ಯೆ ಕೀಲಿಮಣೆ. ಒಟಿಪಿ ಹಾಕುವ ಪೆಟ್ಟಿಗೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕಿರಿದಾದ ಪರದೆಯಲ್ಲಿ ಅಂಟುಪಟ್ಟಿಗಳನ್ನು ಬಿಡಿಸಿ, ಪುಟದೊಡನೆ ಸರಿಯಲು ಬಿಡಬೇಕು. ಪೂರ್ತಿ ಪರದೆಯ ಎತ್ತರಕ್ಕೆ ‘100 ವಿಎಚ್’ ಎಂದು ಬರೆದಿದ್ದರೆ ಮೊಬೈಲ್ ಬ್ರೌಸರಿನ ವಿಳಾಸಪಟ್ಟಿ ಅದರೊಳಗೆ ಸೇರಿಹೋಗಿ ‘ಸಲ್ಲಿಸಿ’ ಬಟನ್ ಅಡಿಗೆ ಜಾರುತ್ತದೆ. ಅದಕ್ಕೆಂದೇ ಈಗ, ಆ ಕ್ಷಣ ನಿಜಕ್ಕೂ ಕಾಣುವ ಎತ್ತರವನ್ನಷ್ಟೇ ಅಳೆಯುವ ‘ಡಿವಿಎಚ್’ ಮಾನವಿದೆ. ಐಫೋನಿನಲ್ಲಿ ತುಂಬುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್ಲಿಗಿಂತ ಚಿಕ್ಕದಿದ್ದರೆ ಮುಟ್ಟಿದ ಕೂಡಲೇ ಪುಟ ತಾನೇ ಹಿಗ್ಗಿ ಪಕ್ಕಕ್ಕೆ ಜರುಗುತ್ತದೆ. ಆಧಾರ್, ಮೊಬೈಲ್, ಪಿನ್‌ಕೋಡ್ ಪೆಟ್ಟಿಗೆಗಳಿಗೆ ಅಂಕಿಯ ಕೀಲಿಮಣೆ ಏಳುವಂತೆ ‘ಇನ್‌ಪುಟ್‌ಮೋಡ್’ ಎಂಬ ಒಂದು ಪದ ಸಾಕು. ಜನ್ಮದಿನಾಂಕಕ್ಕೆ ತಿಂಗಳು ತಿಂಗಳಾಗಿ ಹಿಂದೆ ಹೋಗುವ ಕ್ಯಾಲೆಂಡರ್ ಇಟ್ಟರೆ, ಪಿಂಚಣಿಗೆ ಅರ್ಜಿ ಹಾಕುವ 60 ವರ್ಷದವರು ಎಡಬಾಣವನ್ನು 720 ಸಲ ಒತ್ತಬೇಕು. ದಿನ, ತಿಂಗಳು, ವರ್ಷ ಎಂದು ಮೂರು ಪೆಟ್ಟಿಗೆ ಇಟ್ಟರೆ ಎಂಟು ಅಂಕಿಯಲ್ಲಿ ಮುಗಿಯಿತು. ಬೆರಳು ಮೌಸ್ ಅಲ್ಲ: ಬಟನ್ ಎಂಬುದು 44ರಿಂದ 48 ಪಿಕ್ಸೆಲ್ ಎತ್ತರವಿರಬೇಕು, ‘ರದ್ದುಮಾಡಿ’ ಮತ್ತು ‘ಸಲ್ಲಿಸಿ’ ಒಂದಕ್ಕೊಂದು ತಾಗಿಕೊಂಡಿರಬಾರದು. ಮೌಸ್ ಇಟ್ಟಾಗ ಮಾತ್ರ ತೆರೆದುಕೊಳ್ಳುವ ಉಪಮೆನು ಬೆರಳಿಗೆ ಸಿಗುವುದೇ ಇಲ್ಲ.

ಚಿತ್ರಗಳ ಬಗ್ಗೆ ಒಂದೇ ಲೆಕ್ಕ ಕೊಡುತ್ತೇವೆ. ಸಮಾರಂಭದ ಫೋಟೋವನ್ನು ಕ್ಯಾಮೆರಾದಿಂದ ಬಂದಂತೆ 4000 ಅಗಲ, 3000 ಎತ್ತರದಲ್ಲೇ ಏರಿಸಿದರೆ ಅದರಲ್ಲಿ 1 ಕೋಟಿ 20 ಲಕ್ಷ ಚುಕ್ಕಿ. ಫೋನಿನ ಪರದೆ ತೋರಿಸಬಲ್ಲದ್ದು 1080 ಅಗಲ, ಅಂದರೆ 9 ಲಕ್ಷ ಚುಕ್ಕಿಗೂ ಕಡಿಮೆ. ಉಳಿದ ಹದಿಮೂರು ಪಾಲಿಗೆ ಡೇಟಾ ಕೊಟ್ಟು, ಕಾದು, ಫೋನ್ ಬಿಸಿ ಮಾಡಿಕೊಂಡದ್ದಷ್ಟೇ ಲಾಭ. ಮುಖಪುಟದ ಸ್ಲೈಡ್‌ಶೋದಲ್ಲಿ ಇಂಥವು ಐದಾರು. ಒಂದೇ ಚಿತ್ರವನ್ನು 480, 800, 1200, 1600 ಅಗಲಗಳಲ್ಲಿ ಮಾಡಿ ‘ಸೋರ್ಸ್‌ಸೆಟ್’ನಲ್ಲಿ ಪಟ್ಟಿ ಕೊಟ್ಟರೆ ಬೇಕಾದುದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಸ್ಲೈಡ್‌ಶೋವನ್ನು ಅಡಗಿಸಿದ್ದೇವೆ ಎಂದರೆ ಸಾಲದು. ‘ಡಿಸ್‌ಪ್ಲೇ ನನ್’ ಎಂದರೂ ಸಾಮಾನ್ಯವಾಗಿ ಚಿತ್ರ ಇಳಿದೇ ಇಳಿಯುತ್ತದೆ, ಕಣ್ಣಿಗೆ ಕಾಣದಷ್ಟೇ. ಪ್ರತಿ ಚಿತ್ರದ ಟ್ಯಾಗಿನಲ್ಲೂ ಅಗಲ, ಎತ್ತರದ ಅಂಕಿ ಬರೆದಿರಬೇಕು. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಪುಟವನ್ನು ಕೆಳಕ್ಕೆ ತಳ್ಳುತ್ತದೆ. ‘ಡೌನ್‌ಲೋಡ್’ ಒತ್ತಲು ಹೋದ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ.

ಹಳೆಯ ತಾಣವನ್ನು ಪೂರ್ತಿ ಕೆಡವದೆ ಸರಿಪಡಿಸುವವರಿಗೆ ಕ್ರಮ ಹೀಗಿದ್ದರೆ ಒಳ್ಳೆಯದು. ಸಿಎಸ್‌ಎಸ್ ಕಡತದಲ್ಲಿ ಮೂರಂಕಿ, ನಾಲ್ಕಂಕಿ ಪಿಕ್ಸೆಲ್ ಅಗಲ ಎಲ್ಲೆಲ್ಲಿದೆ ಎಂದು ಹುಡುಕಿ ‘ಗರಿಷ್ಠ ಅಗಲ’ಕ್ಕೆ ಬದಲಿಸುವುದು ಮೊದಲು. ಒಳಅಂಚು ಅಗಲದೊಳಗೇ ಸೇರುವಂತೆ ‘ಬಾಕ್ಸ್-ಸೈಜಿಂಗ್’ ಬರೆಯುವುದು, ಚಿತ್ರಕ್ಕೆ ಗರಿಷ್ಠ ಅಗಲ ನೂರು ಶೇಕಡಾ, ಎತ್ತರ ತಾನಾಗಿ ಎನ್ನುವುದು. ಇಷ್ಟಾದ ಮೇಲೆ ವ್ಯೂಪೋರ್ಟ್ ಟ್ಯಾಗ್. ಬಳಿಕ ಒಂದೇ ಅಂಕಣದ ಕಿರಿದಾದ ಪುಟವನ್ನು ಮೂಲವಾಗಿಟ್ಟುಕೊಂಡು, ಅಗಲ ಹೆಚ್ಚಿದಂತೆ ಎರಡು, ಮೂರು ಅಂಕಣ ಸೇರಿಸುತ್ತ ಹೋಗುವುದು. ಎಲ್ಲಿ ಸೇರಿಸಬೇಕು? ಇಂಥ ಕಂಪನಿಯ ಫೋನ್ 375, ಇಂಥದ್ದು 412 ಎಂದು ಪಟ್ಟಿ ಹಿಡಿದು ಕೂತರೆ ಮುಗಿಯುವುದಿಲ್ಲ. ಮಡಚುವ ಫೋನು ಬಂದಿದೆ, ಟ್ಯಾಬ್ಲೆಟ್ಟಿನ ಅರ್ಧ ಪರದೆಯಲ್ಲಿ ಓದುವವರಿದ್ದಾರೆ, 2017ರಲ್ಲಿ ಬಂದ ಜಿಯೋಫೋನಿನ ಪರದೆಯ ಅಗಲ ಬರೀ 240. ಬ್ರೌಸರ್ ಕಿಟಕಿಯನ್ನು ನಿಧಾನಕ್ಕೆ ಎಳೆಯುತ್ತ ಹೋಗಿ. ಕನ್ನಡ ಪಠ್ಯ ಎಲ್ಲಿ ಇಕ್ಕಟ್ಟಾಯಿತೋ ಅಥವಾ ಸಾಲು ತೀರಾ ಉದ್ದವಾಯಿತೋ ಅಲ್ಲಿ ಬ್ರೇಕ್‌ಪಾಯಿಂಟ್ (ವಿನ್ಯಾಸ ಬದಲಾಗುವ ಗಡಿ) ಇಡಿ. ದೊಡ್ಡ ಪರದೆಗೂ ನ್ಯಾಯ ಬೇಕು: 1920ರ ಪರದೆಯ ಈ ತುದಿಯಿಂದ ಆ ತುದಿಗೆ ಓಡುವ ಸಾಲನ್ನು ಓದಿ ಮುಗಿಸಿ ಹಿಂದಿರುಗುವಾಗ ಕಣ್ಣು ಮುಂದಿನ ಸಾಲನ್ನು ತಪ್ಪಿಸಿಕೊಳ್ಳುತ್ತದೆ. ಪಠ್ಯದ ಅಂಕಣ 40 ಎಮ್ (ಅಕ್ಷರಗಾತ್ರದ 40 ಪಟ್ಟು) ಮೀರದಿರಲಿ.

ಇದೆಲ್ಲ ದುಡ್ಡಿನ ಪ್ರಶ್ನೆಯಲ್ಲ, ಟೆಂಡರ್ ಬರೆಯುವವರ ಪ್ರಶ್ನೆ. “ತಾಣ ಮೊಬೈಲ್ ಸ್ನೇಹಿಯಾಗಿರತಕ್ಕದ್ದು” ಎಂಬ ಒಂದು ಸಾಲನ್ನು ಯಾರು ಹೇಗೆ ಅಳೆಯಬೇಕು? ಗೂಗಲ್‌ನ ಮೊಬೈಲ್ ಸ್ನೇಹಿ ಪರೀಕ್ಷೆಯ ಪ್ರಮಾಣಪತ್ರ ಕೇಳುವಂತಿಲ್ಲ. ಆ ಸಲಕರಣೆಯನ್ನು 2023ರ ಡಿಸೆಂಬರ್‌ನಲ್ಲಿ ಗೂಗಲ್ಲೇ ಮುಚ್ಚಿದೆ. ಅಳತೆ ಬೇರೆ ಕಡೆ ಸಿದ್ಧವಾಗಿಯೇ ಇದೆ. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಲ್ಲೇ ಮಾರ್ಗಸೂಚಿ ಬಂದಿತ್ತು, 2023ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಅದು ಆಧಾರವಾಗಿಟ್ಟುಕೊಂಡ, ಅಂಗವಿಕಲರೂ ತಾಣ ಬಳಸುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯೂಸಿಎಜಿ 2.1ರ ‘ಎಎ’ ಮಟ್ಟದಲ್ಲಿ, 320 ಪಿಕ್ಸೆಲ್ ಅಗಲದಲ್ಲಿ ಎಡಬಲ ಎಳೆಯದೆ ಪುಟ ಓದಲು ಬರಬೇಕು, ಅಕ್ಷರವನ್ನು ಇಮ್ಮಡಿ ಹಿಗ್ಗಿಸಿದರೂ ಏನೂ ಕಳೆದುಹೋಗಬಾರದು ಎಂದಿದೆ. ಆ 320 ಎಲ್ಲಿಂದಲೋ ಉದುರಿದ ಅಂಕಿಯಲ್ಲ: 1280 ಅಗಲದ ಕಂಪ್ಯೂಟರಿನಲ್ಲಿ ಮಂದದೃಷ್ಟಿಯವರು ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಉಳಿಯುವ ಅಗಲ ಅದು. ಕಿರಿದಾದ ಪರದೆಗೆ ಮಾಡಿದ ವಿನ್ಯಾಸ ಅವರಿಗೂ ಒದಗುತ್ತದೆ.

ಆದ್ದರಿಂದ ಇಲಾಖೆಗಳಿಗೆ, ವಿಶ್ವವಿದ್ಯಾಲಯಗಳಿಗೆ ನಮ್ಮ ಸಲಹೆ ಒಂದೇ. ತಾಣ ಕಟ್ಟಿದವರ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಕಚೇರಿಯ ಗುಮಾಸ್ತರೊಬ್ಬರು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತಾಣದ ಕನ್ನಡ ಪುಟವನ್ನು ತೆರೆಯಲಿ, ಇಂಗ್ಲಿಷ್ ಪುಟ ಬೇಡ. ಕ್ರೋಮ್ ಆದರೆ ಮೊದಲು ಎಫ್12 ಒತ್ತಬೇಕು. ನಂತರ ಎರಡರಲ್ಲೂ ಕಂಟ್ರೋಲ್, ಶಿಫ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿ ಅಗಲದ ಜಾಗದಲ್ಲಿ 320 ಎಂದು ಹಾಕಲಿ. ಮುಖಪುಟ, ಅತಿ ಉದ್ದದ ಪ್ರಕಟಣೆ, ಅತಿ ಅಗಲದ ಟೇಬಲ್, ಅತಿ ದೊಡ್ಡ ಅರ್ಜಿ, ಈ ನಾಲ್ಕು ಪುಟ ಸಾಕು. ಪುಟ ಅಡ್ಡಕ್ಕೆ ಅಲುಗುತ್ತದೆಯೇ, ಪ್ರಕಟಣೆಯ ಕೊನೆಯ ಪದ ಕಾಣುತ್ತದೆಯೇ, ಪಟ್ಟಿಯಲ್ಲಿ ‘ಹಳ್ಳಿ’ ಎಂದಿರುವ ಊರುಗಳ ಒತ್ತು ಪೂರ್ತಿ ಇದೆಯೇ ನೋಡಲಿ. ಆಮೇಲೆ ಅದೇ ಅರ್ಜಿಯನ್ನು ಐದಾರು ವರ್ಷ ಹಳೆಯ, ಅಗ್ಗದ ನಿಜವಾದ ಫೋನೊಂದರಲ್ಲಿ, ವೈ-ಫೈ ಆರಿಸಿ, ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಟ್ಟುಕೊಂಡು ಮೊದಲಿನಿಂದ ಸ್ವೀಕೃತಿ ಸಂಖ್ಯೆ ಬರುವವರೆಗೆ ತುಂಬಿ ನೋಡಲಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿನ ಸ್ಕ್ರೀನ್‌ಶಾಟನ್ನು ಬಿಲ್ಲಿಗೆ ಲಗತ್ತಿಸಿ ವಾಪಸು ಕಳಿಸಲಿ.

ಇತಿ,
ಜಾಲತಾಣ ವಿನ್ಯಾಸದ ಕೆಲಸದಲ್ಲಿರುವ ಕೆಲವು ಓದುಗರು
ಬೆಂಗಳೂರು